ಮಲ್ಪೆಯ ಐಸ್ ಪ್ಲಾಂಟಿನಲ್ಲಿ ಎಲ್ಸಾ

ದಸರಾ ರಜೆಯಲ್ಲಿ ಉಡುಪಿಗೆ, ಮಗಳ ಮನೆಗೆ ಹೋಗಿದ್ದೆ. ಆರನೇ ಕ್ಲಾಸಿನ ಮೊಮ್ಮಗಳಿಗೂ ನನಗೂ ಮೊದಲ ದಿನವೇ ಜಗಳ. ‘ಫ್ರೋಜನ್’ ಸಿನಿಮಾದ ಎಲ್ಸಾ ಇದ್ದಾಳಲ್ಲ, ಅವಳ ಶಕ್ತಿಗೆ ಸಮುದ್ರವೇ ಹೆಪ್ಪುಗಟ್ಟುತ್ತದೆ. “ಎಲ್ಲ ಸುಳ್ಳು” ಅಂದುಬಿಟ್ಟೆ. “ಯಾಕೆ ಸುಳ್ಳು? ಹೇಳಿ ಅಜ್ಜ” ಅಂದಳು. ನಾನು ಓದಿದ್ದು ಬಿ.ಕಾಂ., ಉತ್ತರ ಹೊಳೆಯಲಿಲ್ಲ. ಅವಳು ಮಾತು ಬಿಟ್ಟಳು. ಎರಡು ದಿನ ಊಟಕ್ಕೂ ಪಕ್ಕದಲ್ಲಿ ಕೂರಲಿಲ್ಲ.

ಮೂರನೇ ದಿನ ಪುಸಲಾಯಿಸಿ ಮಲ್ಪೆ ಬಂದರಿಗೆ ಕರೆದೊಯ್ದೆ. ಸಾಲು ಸಾಲು ಬೋಟುಗಳು, ಮೀನಿನ ಬುಟ್ಟಿಗಳು, ಐಸ್ ಪುಡಿ ಮಾಡುವ ಯಂತ್ರದ ಕರಕರ ಸದ್ದು. ಅಳಿಯನ ಪರಿಚಯದವರು ಐಸ್ ಪ್ಲಾಂಟಿನ ಒಳಗೆ ಬಿಟ್ಟರು. ಕಾಲ ಕೆಳಗೆ ಮರದ ಮುಚ್ಚಳಗಳು. ಅವುಗಳಡಿ ಮೈನಸ್ 10 ಡಿಗ್ರಿ ಆಸುಪಾಸಿನ ಉಪ್ಪುನೀರು. ಉಪ್ಪಿರುವುದರಿಂದಲೇ ಅದು ಗಟ್ಟಿಯಾಗುವುದಿಲ್ಲ. ಅದರಲ್ಲಿ ಸಿಹಿನೀರಿನ ಉದ್ದನೆಯ ಡಬ್ಬಿಗಳು ಮುಳುಗಿದ್ದವು. ಮೂಗಿಗೆ ಅಮೋನಿಯಾದ ಘಾಟು.

“ನಾವು ತಂಪು ಹಾಕುವುದಲ್ಲ ಮಗಾ, ನೀರಿನ ಬಿಸಿ ತೆಗೆದು ಹೊರಗೆ ಬಿಡುವುದು” ಎಂದರು ಕೆಲಸದವರು. ಹೊರಗೆ ಕೊಳವೆಗಳ ಮೇಲೆ ನೀರು ಸುರಿಯುತ್ತಿತ್ತು. ಮುಟ್ಟಿದಳು. ಬೆಚ್ಚಗಿತ್ತು!

ಆಗ ನನ್ನ ಬ್ಯಾಂಕ್ ಬುದ್ಧಿ ಎಚ್ಚೆತ್ತಿತು. ಒಂದು ಖಾತೆಯಿಂದ ತೆಗೆದದ್ದು ಇನ್ನೊಂದಕ್ಕೆ ಜಮಾ ಆಗಲೇಬೇಕು. 30 ಡಿಗ್ರಿಯ ಒಂದು ಲೀಟರ್ ನೀರನ್ನು ಸೊನ್ನೆಗೆ ಇಳಿಸಲು 30 ಕಿಲೋಕ್ಯಾಲರಿ ಶಾಖ ತೆಗೆಯಬೇಕು. ಸೊನ್ನೆಯ ನೀರು ಸೊನ್ನೆಯ ಮಂಜುಗಡ್ಡೆಯಾಗಲು ಇನ್ನೂ 80! 50 ಕೆ.ಜಿ. ಗಡ್ಡೆಗೆ 5,500 ಆಯಿತು. ಅಷ್ಟು ಶಾಖದಲ್ಲಿ ಅದೇ 30 ಡಿಗ್ರಿಯ 78 ಲೀಟರ್ ನೀರು ಕುದಿಯುವ ಮಟ್ಟಕ್ಕೆ ಬರುತ್ತದೆ. ನೀವೂ ಕೂಡಿಸಿ, ಗುಣಿಸಿ ನೋಡಿ ಮಕ್ಕಳೇ.

“ಹಾಗಾದ್ರೆ ಎಲ್ಸಾನೇ ಸುಟ್ಟು ಹೋಗ್ಬೇಕಿತ್ತಲ್ಲ!” ಎಂದಳು.

ನಾನು ಬೀಗಿದೆ. ಇನ್ನೊಂದು ಏಟು ಕೊಟ್ಟೆ: ಬಿಸಿ ಏರುತ್ತಲೇ ಹೋಗಬಹುದು, ಸೂರ್ಯನ ನಡುವೆ ಸುಮಾರು 1.5 ಕೋಟಿ ಡಿಗ್ರಿ. ಚಳಿಯ ಕಥೆ ಮೈನಸ್ 273.15ಕ್ಕೇ ಮುಗಿಯಿತು. ಅಲ್ಲಿ ಓವರ್‌ಡ್ರಾಫ್ಟ್ ಇಲ್ಲ.

ಬಸ್ಸಿನಲ್ಲಿ ಸುಮ್ಮನೆ ಕೂತವಳು ಕಲ್ಯಾಣಪುರ... ಅಲ್ಲ, ಆದಿಉಡುಪಿ ಬರುವಾಗ ಕೇಳಿದಳು: “ಆ ಬಿಸಿನೆಲ್ಲ ಅವಳು ಆಕಾಶಕ್ಕೆ ಕಳಿಸಿದ್ರೆ?”

ನಗಲು ಹೋದವನಿಗೆ ಹಿಂದೆ ಓದಿದ್ದು ನೆನಪಾಯಿತು. ಅಲಹಾಬಾದಿನಲ್ಲಿ ಐಸ್ ಮಾಡುತ್ತಿದ್ದ ಬಗೆಯನ್ನು ರಾಬರ್ಟ್ ಬಾರ್ಕರ್ ಎಂಬಾತ 1775ರಲ್ಲಿ ಬರೆದಿದ್ದಾನೆ. ಚಳಿಗಾಲದ ಸಂಜೆ ಗುಂಡಿಯಲ್ಲಿ ಒಣ ದಂಟು ಹಾಸಿ, ಮೇಲೆ ಮಣ್ಣಿನ ತಟ್ಟೆಗಳಲ್ಲಿ ನೀರಿಟ್ಟರೆ, ಬೆಳಗಾಗುವುದರೊಳಗೆ ಮಂಜುಗಡ್ಡೆ! ಯಂತ್ರವಿಲ್ಲ. ಒಂದಿಷ್ಟು ಶಾಖ ಆವಿಯ ಜೊತೆಗೆ, ಉಳಿದದ್ದು ತಿಳಿಯಾದ ಆಕಾಶಕ್ಕೆ.

ಒಪ್ಪಿಕೊಂಡೆ. “ಆದರೆ ಒಂದು ರಾತ್ರಿಗೆ ಬರೀ ತಟ್ಟೆಯಷ್ಟು ಕಣೇ” ಅಂದೆ.

“ಎಲ್ಸಾಗೆ ಸ್ವಲ್ಪ ಟೈಮ್ ಕೊಡಿ ಅಜ್ಜ” ಅಂದಳು. ಆ ರಾತ್ರಿ ಊಟಕ್ಕೆ ನನ್ನ ಪಕ್ಕದಲ್ಲೇ ಕೂತಳು.