ಒಂದು ವಿಮಾ ಅರ್ಜಿಯ ಓದು

ಸೊಲ್ಲಾಪುರದ ಮಗ್ಗದವರಿಗೆ ವಿಮೆಯೆಂಬುದು ಹೊಸತೇನಲ್ಲ. ನೂಲಿನ ದಾಸ್ತಾನಿಗೆ ಬೆಂಕಿ ತಗುಲಿದರೆ ಪರಿಹಾರ ದೊರೆಯಲೆಂದು ವರ್ಷವರ್ಷವೂ ಕಂತು ಕಟ್ಟುತ್ತ ಬಂದವರು ಅವರು. ಆದರೆ ಲೆಕ್ಕಪತ್ರಗಳೆಲ್ಲ ಗಣಕಯಂತ್ರವನ್ನು ಸೇರಿದ ಮೇಲೆ ಬೆಂಕಿಯಿಲ್ಲದೆಯೂ ವ್ಯಾಪಾರ ಸುಟ್ಟುಹೋಗಬಲ್ಲುದು. ಎಲ್ಲಿಯೋ ಕುಳಿತ ಕಳ್ಳನು ಕಡತಗಳಿಗೆ ಬೀಗ ಜಡಿದು, ಕೀಲಿಕೈಗೆ ಹಣ ಕೇಳುತ್ತಾನೆ. ಯಂತ್ರವೇನೋ ಇದ್ದಂತೆಯೇ ಇರುತ್ತದೆ. ವಸ್ತುಹಾನಿಯನ್ನು ಮಾತ್ರ ನೋಡುವ ಬೆಂಕಿವಿಮೆ ಇಲ್ಲಿ ಸಾಮಾನ್ಯವಾಗಿ ನೆರವಿಗೆ ಬಾರದು. ಆ ತೆರಪನ್ನು ತುಂಬಲು ಹುಟ್ಟಿದ್ದೇ ಸೈಬರ್ ವಿಮೆ.

ಅಕ್ಕಲಕೋಟೆಯ ಕಡೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಸೊಲ್ಲಾಪುರದಲ್ಲಿ ಟವೆಲ್ ತಯಾರಿಸುತ್ತಾನೆ. ಹದಿನಾಲ್ಕು ಕುಟುಂಬಗಳ ಅನ್ನ ಅವನ ಮಗ್ಗಗಳಿಂದ ನಡೆಯುತ್ತದೆ. ಇಂತಹ ವಿಮೆಯ ಅರ್ಜಿಯೊಂದನ್ನು ಅವನು ಕಳೆದ ದೀಪಾವಳಿಯ ರಜೆಯಲ್ಲಿ ನನ್ನೆದುರು ಹರಡಿದನು. ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ವಿಮಾಪತ್ರದಲ್ಲಿ ಇಂಗ್ಲಿಷು. ಗಡಿಯವರ ಪಾಡೇ ಹೀಗೆ. “ಎಲ್ಲದಕ್ಕೂ ‘ಹೌದು’ ಎಂದು ಬರೆದರಾಯಿತಂತೆ ಗುರುಗಳೇ, ಏಜೆಂಟರು ಹೇಳಿದ್ದಾರೆ” ಎಂದನು.

ಉತ್ತರಪತ್ರಿಕೆ ತಿದ್ದಿದ ಕಣ್ಣಿಗೆ ಎಲ್ಲಕ್ಕೂ ‘ಹೌದು’ ಎಂಬ ಉತ್ತರ ಸಂಶಯಾಸ್ಪದವೇ. ಒಂದೊಂದಾಗಿ ಕೇಳಿದೆನು. ಲೆಕ್ಕದ ಪ್ರತಿಯನ್ನು ಬೇರೆಡೆ ಇಟ್ಟಿರುವೆಯಾ? ಇಟ್ಟಿದ್ದನು, ಅದೇ ಯಂತ್ರಕ್ಕೆ ಸದಾ ಸಿಕ್ಕಿಸಿದ ಪೆನ್‌ಡ್ರೈವಿನಲ್ಲಿ! ಪಾಸ್‌ವರ್ಡಿನ ಜೊತೆಗೆ ಎರಡನೆಯ ತಪಾಸಣೆ ಇದೆಯೇ? ಇಲ್ಲ. ಪಾಸ್‌ವರ್ಡಾದರೋ ನಾಲ್ವರಿಗೆ ಒಂದೇ. ಗೋಡೆಯ ಪಂಚಾಂಗದ ಕೆಳಗೆ ಬರೆದಿಟ್ಟದ್ದು.

ಅಮೆರಿಕದ ಇಲಿನಾಯ್ ಪ್ರಾಂತದ ಸಂಗತಿಯೊಂದನ್ನು ಅವನಿಗೆ ಹೇಳಿದೆನು. ಅಲ್ಲಿನ ಇಂಟರ್‌ನ್ಯಾಷನಲ್ ಕಂಟ್ರೋಲ್ ಸರ್ವಿಸಸ್ ಎಂಬ ಸಂಸ್ಥೆ ಎರಡನೆಯ ತಪಾಸಣೆ ಬಳಸುತ್ತಿರುವುದಾಗಿ ಬರೆದುಕೊಟ್ಟು ಸೈಬರ್ ವಿಮೆ ಪಡೆದಿತ್ತು. 2022ರಲ್ಲಿ ಅದರ ಗಣಕಗಳಿಗೆ ಕಳ್ಳರ ಬೀಗ ಬಿದ್ದಾಗ, ಆ ರಕ್ಷಣೆ ಸರ್ವರುಗಳಿಗೆ ಇರಲಿಲ್ಲವೆಂದು ವಿಮಾ ಸಂಸ್ಥೆ ಟ್ರಾವೆಲರ್ಸ್ ನ್ಯಾಯಾಲಯಕ್ಕೆ ಹೋಯಿತು. ಕೆಲವೇ ವಾರಗಳಲ್ಲಿ ಉಭಯರೂ ಒಪ್ಪಿ ವಿಮಾಪತ್ರವನ್ನೇ ರದ್ದುಮಾಡಿಕೊಂಡರು. ನಮ್ಮ ದೇಶದ ಕಾನೂನಿನಲ್ಲಿಯೂ ವಿಮೆ ಪರಮವಿಶ್ವಾಸದ ಕರಾರು. ‘ಹೌದು’ ಎಂದು ಬರೆಸುವ ಏಜೆಂಟನ ಸಹಿ ಅರ್ಜಿದಾರನ ಜಾಗದಲ್ಲಿ ಇರುವುದಿಲ್ಲ.

ವಿಮಾಪತ್ರದ ಮಾದರಿಯನ್ನೂ ತಿರುವಿಹಾಕಿದೆವು. ಕೆಲಸ ನಿಂತ ನಷ್ಟಕ್ಕೆ ಮೊದಲ ಕೆಲವು ಗಂಟೆಗಳು ಲೆಕ್ಕಕ್ಕಿಲ್ಲ. ಸುಳ್ಳು ಪತ್ರ ನಂಬಿ ತಾನಾಗಿ ಹಣ ಕಳುಹಿಸಿದ್ದಕ್ಕೆ ಪರಿಹಾರದ ಮಿತಿ ಬಹಳ ಸಣ್ಣದು. ನೂಲಿನ ವ್ಯಾಪಾರಿಯ ಹೆಸರಿನಲ್ಲಿ “ಬ್ಯಾಂಕಿನ ಖಾತೆ ಬದಲಾಗಿದೆ” ಎಂದು ಮೋಸದ ಪತ್ರ ಬರುವುದೇ ಇಂತಹ ಉದ್ಯಮಿಗಳಿಗೆ ಹೆಚ್ಚಿನ ಭಯವಲ್ಲವೆ?

ಅರ್ಜಿ ಮೂರು ವಾರ ಕಾದಿತು. ಅಷ್ಟರಲ್ಲಿ ಪಂಚಾಂಗದ ಕೆಳಗಿನ ಬರಹ ಅಳಿಯಿತು. ನಾಲ್ವರಿಗೆ ನಾಲ್ಕು ಪಾಸ್‌ವರ್ಡುಗಳಾದವು. ಲೆಕ್ಕದ ಪ್ರತಿ ಪ್ರತಿ ಶನಿವಾರ ಅವನ ಮನೆಯ ಕಪಾಟಿಗೆ ಹೋಗತೊಡಗಿತು. ಹಣ ವಂಚನೆಯಾದೊಡನೆ ಕರೆಯಬೇಕಾದ 1930 ಎಂಬ ಸಂಖ್ಯೆಯನ್ನೂ, ಇಂತಹ ದಾಳಿಯನ್ನು 6 ಗಂಟೆಗಳೊಳಗೆ ಸರ್ಟ್-ಇನ್‌ಗೆ ತಿಳಿಸಬೇಕೆಂಬ 2022ರ ಕೇಂದ್ರದ ನಿರ್ದೇಶನವನ್ನೂ ಗೋಡೆಗೆ ಅಂಟಿಸಿದನು. ಎರಡು ಪ್ರಶ್ನೆಗಳಿಗೆ ಇನ್ನೂ ‘ಇಲ್ಲ’ ಎಂಬುದೇ ಉತ್ತರವಾಗಿತ್ತು. ಹಾಗೆಯೇ ಬರೆದನು. ಕಂತು ತುಸು ಹೆಚ್ಚಾಯಿತೆಂದು ಗೊಣಗಿಕೊಂಡೇ ಕಟ್ಟಿದನು.