ಥೇಮ್ಸ್ ದಂಡೆಯಲ್ಲಿ ಕಲ್ಯಾಣದ ಬಸವಣ್ಣ

ಲಂಡನ್ನಿನಲ್ಲಿ ನೋಡುವುದಕ್ಕೆ ಏನುಂಟು ಎಂದು ಕೇಳಿದರೆ ಎಲ್ಲರೂ ಹೇಳುವುದು ಬಿಗ್ ಬೆನ್, ಟವರ್ ಬ್ರಿಜ್, ಅರಮನೆಯ ಕಾವಲು ಬದಲಾವಣೆ. ಓದಲು ಹೋದ ನಾನೂ ಅವನ್ನೆಲ್ಲ ನೋಡಿದೆ, ಫೋಟೊ ತೆಗೆದು ಊರಿಗೆ ಕಳಿಸಿದೆ. ಆದರೆ ಕಾಲು ತಾನಾಗಿ ನಿಂತದ್ದು ಲ್ಯಾಂಬೆತ್ ಸೇತುವೆಯ ದಕ್ಷಿಣಕ್ಕೆ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನ ಹಸಿರು ಪಟ್ಟಿಯಲ್ಲಿ. ಅಲ್ಲಿ ಬಸವಣ್ಣನ ಎದೆಮಟ್ಟದ ಪ್ರತಿಮೆ ಇದೆ. ಪಕ್ಕದಲ್ಲಿ ಥೇಮ್ಸ್ ಹರಿಯುತ್ತಿದೆ, ನದಿಯ ಆಚೆ ದಡದಲ್ಲಿ ಸ್ವಲ್ಪ ದೂರಕ್ಕೆ ಬ್ರಿಟಿಷ್ ಪಾರ್ಲಿಮೆಂಟು. ಬೆಳಗಿನ ಹೊತ್ತು ಓಟಕ್ಕೆ ಬಂದವರು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಆತನ ಮುಂದೆಯೇ ಹಾದುಹೋಗುತ್ತಾರೆ.

ನನ್ನೂರು ಮಹಾಗಾಂವ. ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ಹೆದ್ದಾರಿಯಲ್ಲಿ ನಮ್ಮ ಕ್ರಾಸ್ ಸಿಗುತ್ತದೆ. ಅದೇ ದಾರಿ ಹಿಡಿದು ಕಮಲಾಪುರ, ಹುಮನಾಬಾದ ದಾಟಿದವರು ಬಸವಕಲ್ಯಾಣ ಮುಟ್ಟುತ್ತಾರೆ. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣ 12ನೇ ಶತಮಾನದಲ್ಲಿ ಕೂಡಿಸಿದ ಶರಣರ ಊರು ನಮಗೆ ಬಸ್ಸಿನ ದಾರಿ. ಆತನನ್ನು ಥೇಮ್ಸ್ ದಂಡೆಗೆ ತಂದು ನಿಲ್ಲಿಸಲು ಓಡಾಡಿದವರೂ ನಮ್ಮ ಕಡೆಯವರೇ: ಲ್ಯಾಂಬೆತ್‌ನ ಮೇಯರ್ ಆಗಿದ್ದ, ಕಲಬುರಗಿ ಮೂಲದ ಡಾ. ನೀರಜ್ ಪಾಟೀಲ. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಪ್ರತಿಮೆಯನ್ನು ಅನಾವರಣಗೊಳಿಸಿದರು. ನಾನು ನೋಡಲು ಹೋದ ದಿನ ಆ ಪ್ರತಿಮೆಯ ಮುಂದಿನಿಂದಲೇ ಅವ್ವನಿಗೆ ವಿಡಿಯೊ ಕಾಲ್ ಮಾಡಿದೆ.

"ಅಲ್ಲಿಗೂ ಬಂದಾನೇನೋ ಬಸವಣ್ಣ?" ಅಂದಳು.

"ಬಂದಾನ ಯವ್ವಾ, ಹೊಳಿ ದಂಡಿಗೆ ಅದಾನ."

"ಹಂಗಾರ ನಿಂದೇನು ಕಾಳಜಿ ಇಲ್ಲ ಬಿಡು" ಎಂದು ಫೋನು ಇಟ್ಟಳು.

ಆಮೇಲೆ ಊರಿನ ಗುರುತು ಹುಡುಕುವ ಚಟವೇ ಹತ್ತಿತು. ಸೌತ್ ಕೆನ್ಸಿಂಗ್ಟನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಮ್ಮಿಗೆ ಹೋದವರು ಟಿಪ್ಪುವಿನ ಹುಲಿಯ ಮುಂದೆ ಗುಂಪುಗೂಡುತ್ತಾರೆ. ಬಿದ್ದ ಸಿಪಾಯಿಯ ಮೇಲೆ ಎರಗಿದ ಮರದ ಹುಲಿ ಅದು. ಹಿಡಿಕೆ ತಿರುವಿದರೆ ಸಿಪಾಯಿಯ ಕೈ ಮೇಲೇಳುವಂತೆ, ನರಳುವ ಸದ್ದು ಬರುವಂತೆ ಒಳಗೆ ಯಂತ್ರ ಕೂರಿಸಿದ್ದಾರೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಹಡಗೇರಿ ಬಂದದ್ದು. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಬೀದರಿನ ಬಿದರಿ ಹುಕ್ಕಾ. ಕಪ್ಪು ಮೈಮೇಲೆ ಬೆಳ್ಳಿಯ ಬಳ್ಳಿ, ಎಲೆಯ ಒಂದೊಂದು ನರವೂ ಕೂದಲೆಳೆಯಷ್ಟು ಸಣ್ಣ. ಸತುವಿಗೆ ತುಸು ತಾಮ್ರ ಬೆರೆಸಿ ಎರಕ ಹೊಯ್ದು, ಉಳಿಯಿಂದ ಗೀರಿ, ಗೀರಿನೊಳಗೆ ಬೆಳ್ಳಿ ತಂತಿ ಬಡಿದು ಕೂರಿಸುತ್ತಾರೆ. ಕೊನೆಗೆ ಬೀದರ್ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಂದಿಗೆ ಕಲಸಿ ಹಚ್ಚಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಬಿಸಿಲು, ಮಳೆ ತಾಗದ ಮೂಲೆಯ ಮಣ್ಣೇ ಆಗಬೇಕು. ಕುಶಲಕರ್ಮಿಗಳು ಅದನ್ನು ನಾಲಿಗೆಗೆ ಹಚ್ಚಿ ಆರಿಸುತ್ತಾರೆ. ಈ ಕಸುಬಿಗೆ ಬಾಳು ಸವೆಸಿದ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಬೀದರಿಗೆ ಎಷ್ಟೋ ಸಲ ಹೋಗಿದ್ದರೂ ಬಿದರಿಯ ಮುಂದೆ ಇಷ್ಟು ಹೊತ್ತು ನಾನು ನಿಂತಿರಲಿಲ್ಲ.

ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಇನ್ನೂ ದೊಡ್ಡ ಬೆರಗು ಕಾದಿತ್ತು. ಗಾಜಿನ ಗೋಡೆಯ ಒಂದು ಕೋಣೆಯಲ್ಲಿ ಅಮರಾವತಿ ಸ್ತೂಪದ ಶಿಲ್ಪಗಳಿವೆ. ಅವುಗಳಲ್ಲಿ ಹೆಚ್ಚಿನವನ್ನು 1845ರಲ್ಲಿ ಅಗೆಸಿದವನು ವಾಲ್ಟರ್ ಎಲಿಯಟ್. ಧಾರವಾಡದಲ್ಲಿ ಅಧಿಕಾರಿಯಾಗಿದ್ದಾಗ ಕನ್ನಡ ಶಾಲೆಗಳ ಬೆನ್ನಿಗೆ ನಿಂತವನು, ಕನ್ನಡ ನಾಡಿನ ನೂರಾರು ಶಾಸನಗಳನ್ನು ನಕಲು ಮಾಡಿಸಿದವನು ಆತನೇ. ಆ ಸುಣ್ಣಗಲ್ಲಿನ ಕಮಲ, ಆನೆ, ಬೋಧಿವೃಕ್ಷಗಳನ್ನು ನೋಡುತ್ತಿದ್ದಂತೆ ನಮ್ಮ ಜಿಲ್ಲೆಯ ಚಿತ್ತಾಪುರ ತಾಲೂಕಿನ ಸನ್ನತಿ ಕಣ್ಣಮುಂದೆ ಬಂತು. 1986ರಲ್ಲಿ ಅಲ್ಲಿನ ಚಂದ್ರಲಾಂಬಾ ಗುಡಿಯ ಆವರಣದ ಕಾಳಿ ಗುಡಿಯ ಮಾಳಿಗೆ ಕುಸಿದಾಗ, ಮೂರ್ತಿಯ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಕಂಡಿತು. ಹತ್ತಿರದ ಕನಗನಹಳ್ಳಿಯಲ್ಲಿ ಅಗೆದಾಗ ಮಹಾಸ್ತೂಪವೇ ಹೊರಬಂತು. ಜೊತೆಗೊಂದು ಚಪ್ಪಡಿ, ಅದರ ಮೇಲೆ ರಾಣಿಯೊಂದಿಗೆ ನಿಂತ ಅರಸ, ಬ್ರಾಹ್ಮಿ ಲಿಪಿಯಲ್ಲಿ 'ರಾಯೊ ಅಸೋಕೊ' ಎಂಬ ಬರಹ. ಅಶೋಕನ ಮುಖವನ್ನು ಹೆಸರು ಬರೆದು ತೋರಿಸಿದ ಕಲ್ಲು ಇರುವುದು ಲಂಡನ್ನಿನಲ್ಲಲ್ಲ, ನಮ್ಮ ಭೀಮಾ ದಂಡೆಯಲ್ಲಿ. ಆದರೆ ಲಂಡನ್ನಿನ ಕಲ್ಲುಗಳಿಗೆ ದೀಪ, ವಿವರದ ಫಲಕ, ಹದವಾದ ಗಾಳಿ ಎಲ್ಲ ಉಂಟು. ನಮ್ಮವು ವರ್ಷಗಟ್ಟಲೆ ಬಿಸಿಲು ಮಳೆಯಲ್ಲೇ ಬಿದ್ದಿದ್ದವು. ಅವನ್ನು ಎತ್ತಿ ನಿಲ್ಲಿಸುವ ಕೆಲಸಕ್ಕೆ ಕೈ ಹಚ್ಚಿದ್ದು ಈಚೆಗೆ.

ಬೆರಗೆಲ್ಲ ಗಾಜಿನ ಪೆಟ್ಟಿಗೆಯಲ್ಲೇ ಇರಲಿಲ್ಲ. ಜೂನಿನಲ್ಲಿ ರಾತ್ರಿ ಒಂಬತ್ತು ದಾಟಿದರೂ ಹೊತ್ತು ಮುಳುಗುವುದಿಲ್ಲ, ಡಿಸೆಂಬರಿನಲ್ಲಿ ಮಧ್ಯಾಹ್ನ ನಾಲ್ಕರ ಸುಮಾರಿಗೇ ಮುಳುಗಿಬಿಡುತ್ತದೆ. ಬಿಸಿಲು ಇಪ್ಪತ್ತೈದು ಡಿಗ್ರಿ ಏರಿದರೆ ಊರಿಗೆ ಊರೇ ಪಾರ್ಕಿನ ಹುಲ್ಲಿನ ಮೇಲೆ ಮಲಗುತ್ತದೆ. ಮೇ ತಿಂಗಳ ಬಿಸಿಲಿಗೆ ಮುಖ ಮುಚ್ಚಿಕೊಂಡು ಬಸ್ಸಿಗೆ ಕಾಯುವ ಕಲಬುರಗಿಯವರಿಗೆ ಇದನ್ನು ಹೇಳಿದರೆ ನಗುತ್ತಾರೆ. ಲಂಡನ್ನಿನಲ್ಲಿ ಬಸ್ಸಿನಿಂದ ಇಳಿಯುವಾಗ ಡ್ರೈವರಿಗೆ ಥ್ಯಾಂಕ್ಸ್ ಹೇಳುವವರುಂಟು. ನನಗೂ ಅದೇ ರೂಢಿಯಾಯಿತು.

ಗುಜರಾತಿಗಳ ಅಂಗಡಿಯಲ್ಲಿ ಜೋಳದ ಹಿಟ್ಟು ಸಿಕ್ಕ ದಿನ ಹಬ್ಬ. ಬಾಡಿಗೆ ಮನೆಯ ಅಡುಗೆಕೋಣೆಯಲ್ಲಿ ಬಿಸಿನೀರು ಹಾಕಿ ನಾದಿ, ರೊಟ್ಟಿ ಬಡಿಯುತ್ತಿದ್ದೆ. ಅಂಚು ಹರಿದರೂ ರೊಟ್ಟಿ ರೊಟ್ಟಿಯೇ. ಜೊತೆಗಿದ್ದ ನೈಜೀರಿಯಾದ ಹುಡುಗ ಚಿಟಿಕೆ ಹಿಟ್ಟು ಬಾಯಿಗೆ ಹಾಕಿ, ಇದು ನಮ್ಮ ಅಜ್ಜಿಯ ಮನೆಯ ಕಾಳು ಎಂದ. ಅವರ ಉತ್ತರದ ಸೀಮೆಯಲ್ಲಿ ಇದೇ ಹಿಟ್ಟನ್ನು ತಿರುವಿ, ಮುದ್ದೆಯ ಹಾಗೆ ಗಟ್ಟಿ ಮಾಡಿ, ಸೊಪ್ಪಿನ ಸಾರಿನ ಜೊತೆ ಉಣ್ಣುತ್ತಾರಂತೆ. ಆಮೇಲೆ ಓದಿ ತಿಳಿದೆ: ಜೋಳದ ತವರು ಈಶಾನ್ಯ ಆಫ್ರಿಕಾ, ಅಲ್ಲಿಂದ ಸಾವಿರಾರು ವರ್ಷಗಳ ಹಿಂದೆ ಅದು ನಮ್ಮ ನೆಲಕ್ಕೆ ಬಂದಿತು. ನಮ್ಮ ಎರೆಹೊಲದ ಬೆಳೆಯೇ ಪರದೇಶದಿಂದ ಬಂದು ಬೇರು ಬಿಟ್ಟದ್ದು ಎಂದು ತಿಳಿದಾಗ ಆ ಅಡುಗೆಕೋಣೆ ನನಗೆ ಪರಕೀಯವೆನಿಸಲಿಲ್ಲ. ಅವನಿಗೆ ಶೇಂಗಾ ಹಿಂಡಿಯ ರುಚಿ ಹತ್ತಿತು, ನನಗೆ ಅವನ ಬೆಂಡೆಕಾಯಿ ಸಾರಿನದು.

ಲಂಡನ್ನು ತನ್ನಲ್ಲಿರುವ ವಸ್ತುಗಳಿಂದಷ್ಟೇ ದೊಡ್ಡದಲ್ಲ. ಅವುಗಳಲ್ಲಿ ಬಹಳಷ್ಟು ಬೇರೆಯವರ ನೆಲದಿಂದ ಹೋದವೇ. ಆದರೆ ಈ ಎರಡೂ ಮ್ಯೂಸಿಯಮ್ಮುಗಳ ಕಾಯಂ ಸಂಗ್ರಹ ನೋಡಲು ಟಿಕೆಟ್ ಇಲ್ಲ, ಜೇಬು ಬರಿದಾದ ವಿದ್ಯಾರ್ಥಿಯೂ ದಿನವಿಡೀ ಸುತ್ತಬಹುದು. ಶಾಲೆಯ ಮಕ್ಕಳು ಅಮರಾವತಿಯ ಕಲ್ಲಿನ ಮುಂದೆ ನೆಲದ ಮೇಲೆ ಕೂತು ಪೆನ್ಸಿಲ್ಲಿನಲ್ಲಿ ಚಿತ್ರ ಬಿಡಿಸುತ್ತಾರೆ. ಲಂಡನ್ನಿನಿಂದ ನಾವು ಕಲಿಯಬೇಕಾದದ್ದು ಹೀಗೆ ಎಲ್ಲರಿಗೂ ಬಾಗಿಲು ತೆರೆದಿಡುವುದನ್ನು.

ನಮ್ಮ ಕಡೆಯಿಂದ ಓದಲು ಹೊರದೇಶಕ್ಕೆ ಹೊರಟ ತಮ್ಮ ತಂಗಿಯರಿಗೆ ಒಂದು ಮಾತು: ವೀಸಾ ಬರುವಷ್ಟರೊಳಗೆ ಸನ್ನತಿಗೆ ಹೋಗಿ ಬನ್ನಿ, ಬೀದರಿನಲ್ಲಿ ಬಿದರಿ ಮಾಡುವವರ ಪಕ್ಕ ಒಂದು ತಾಸು ಕೂರಿ. ಮಾಸ್ತರರು ಈ ಸಲದ ಶಾಲಾ ಪ್ರವಾಸಕ್ಕೆ ದೂರದ ಊರು ಬಿಟ್ಟು ಕನಗನಹಳ್ಳಿಗೆ ಬಸ್ಸು ಹೊರಡಿಸಲಿ. ಮಕ್ಕಳ ಕೈಯಲ್ಲಿ ಒಂದೊಂದು ಪೆನ್ಸಿಲ್ಲು ಇರಲಿ.