ಪುಸ್ತಕದ ಬದನೆಕಾಯಿ ಮತ್ತು ನಮ್ಮ ಕಾರಿನ ಬ್ರೇಕು

ಕಳೆದ ಯುಗಾದಿ ಕಾರ್ಯಕ್ರಮಕ್ಕೆ ನಾವು ತಡವಾಗಿ ಬಂದದ್ದು, ನಾವು ತರಬೇಕಿದ್ದ ಬಿಸಿಬೇಳೆ ಬಾತ್ ಊಟ ಮುಗಿಯುವ ಹೊತ್ತಿಗೆ ತಲುಪಿದ್ದು ಸದಸ್ಯರಿಗೆ ನೆನಪಿರಬಹುದು. "ರಸ್ತೆಯಲ್ಲಿ ಭಾರಿ ಟ್ರಾಫಿಕ್" ಎಂದು ಅಂದು ಎಲ್ಲರಿಗೂ ಹೇಳಿದೆ. ಅದು ಸುಳ್ಳು. ನಿಜವನ್ನು ಇಲ್ಲಿ ಒಪ್ಪಿಸುತ್ತಿದ್ದೇನೆ.

ನನ್ನ ಬಳಿ ಇರುವುದು 1966ರ ಫೋರ್ಡ್ ಮಸ್ಟಾಂಗ್. ವಯಸ್ಸಿನಲ್ಲಿ ನನಗಿಂತ ಹಿರಿಯದು. ಬಣ್ಣ, ಸೀಟು, ಎಂಜಿನ್ ಎಲ್ಲಕ್ಕೂ ಉಪಚಾರ ಮಾಡಿಸಿದ್ದೆ. ಬ್ರೇಕು ಮಾತ್ರ ಕಣ್ಣಿಗೆ ಬೀಳುವಂಥದಲ್ಲ, ಅದರ ಗೊಡವೆಗೆ ಹೋಗಿರಲಿಲ್ಲ. ಗರಾಜಿನ ನೆಲದ ಮೇಲೆ, ಹಿಂದಿನ ಚಕ್ರದ ಬಳಿ, ತೇವದ ಕಲೆಯೊಂದು ಕಾಣುತ್ತಿತ್ತು. "ಏನ್ರೀ ಇದು?" ಎಂದು ಶ್ರೀಮತಿ ಕೇಳಿದಾಗ, "ಹಳೇ ಕಾರಲ್ವೇ, ಸ್ವಲ್ಪ ಸೋರುತ್ತೆ" ಎಂದು ತೇಲಿಸಿಬಿಟ್ಟೆ.

ಯುಗಾದಿಯ ದಿನ, ಇಳಿಜಾರಿನ ಕೊನೆಯಲ್ಲಿದ್ದ ಸ್ಟಾಪ್ ಸೈನ್ ಬಳಿ ಬ್ರೇಕ್ ಒತ್ತಿದರೆ ಪೆಡಲು ಸೀದಾ ನೆಲ ಮುಟ್ಟಿತು. ಮತ್ತೆ ಒತ್ತಿದೆ, ಏನೂ ಇಲ್ಲ. ಹಿಂದಿನ ಸೀಟಿನಲ್ಲಿ ಆರು ವರ್ಷದ ಮಗಳು. ಡ್ಯಾಶ್‌ಬೋರ್ಡಿನ ಕೆಳಗಿರುವ ಪಾರ್ಕಿಂಗ್ ಬ್ರೇಕಿನ ಹಿಡಿಯನ್ನು ಶಕ್ತಿಯಿದ್ದಷ್ಟು ಎಳೆದೆ. ಕಾರು ಅಡ್ಡರಸ್ತೆಯ ನಡುವೆ ಹೋಗಿ ನಿಂತಿತು. ಪುಣ್ಯಕ್ಕೆ ಆ ಕ್ಷಣ ಬೇರೆ ವಾಹನ ಬರಲಿಲ್ಲ. ಶ್ರೀಮತಿ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಆ ಕಾಲದ ಬಹುಪಾಲು ಕಾರುಗಳಂತೆ ಇದರಲ್ಲೂ ನಾಲ್ಕು ಚಕ್ರಕ್ಕೆ ಸೇರಿ ಬ್ರೇಕ್ ದ್ರವದ ತೊಟ್ಟಿ ಒಂದೇ, ಕೊಳವೆಯ ಜಾಲವೂ ಒಂದೇ. ಒಂದು ಕಡೆ ಸೋರಿ ಬರಿದಾದರೆ ನಾಲ್ಕೂ ಹೋದಂತೆ. ಅಮೆರಿಕದಲ್ಲಿ ಹೊಸ ಕಾರುಗಳಿಗೆ ಎರಡು ಪ್ರತ್ಯೇಕ ಜಾಲ ಕಡ್ಡಾಯವಾದದ್ದು 1968ರ ಜನವರಿಯಿಂದ.

ಹಿಂದಿನ ಚಕ್ರದ ಡ್ರಮ್ ಬಿಚ್ಚಿದಾಗ ಕಾರಣ ಸಿಕ್ಕಿತು. ಚಕ್ರದ ಸಿಲಿಂಡರಿನ ಒಳಗೋಡೆ ತುಕ್ಕು ಹಿಡಿದು ಗುಳಿಬಿದ್ದಿತ್ತು. ಉಳಿದಿದ್ದ ದ್ರವ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಈ ದ್ರವ ಗ್ಲೈಕಾಲ್ ಈಥರ್ ಜಾತಿಯದು, ಗಾಳಿಯ ತೇವವನ್ನು ಹೀರುತ್ತದೆ. ಹೊಸ ಡಾಟ್ 3 ದ್ರವ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ಶೇಕಡಾ 3.7ರಷ್ಟು ನೀರು ಸೇರಿದರೆ ಆ ಮಿತಿ 140ಕ್ಕೆ ಇಳಿಯುತ್ತದೆ. ಹೀರುವುದು ಅದರ ದೋಷವಲ್ಲ. ಹೀರದಿದ್ದರೆ ನೀರು ತಗ್ಗಿನಲ್ಲಿ ನಿಂತು ಅಲ್ಲೇ ತುಕ್ಕು ಹಿಡಿಸುತ್ತಿತ್ತು. ಕಾಲಕಾಲಕ್ಕೆ ಬದಲಿಸದೇ ಇದ್ದದ್ದು ನನ್ನ ದೋಷ.

ಮೂರು ವಾರಾಂತ್ಯ ಕೆಲಸ ಹಿಡಿಯಿತು. ಎರಡು ತೊಟ್ಟಿಯ ಮಾಸ್ಟರ್ ಸಿಲಿಂಡರು, ನಾಲ್ಕು ಚಕ್ರದ ಸಿಲಿಂಡರು, ಮೂರು ರಬ್ಬರ್ ಹೋಸು, ಉಕ್ಕಿನ ಕೊಳವೆಗಳು, ಶೂಗಳು, ಎಲ್ಲ ಹೊಸದು. ಹಳೆಯ ಶೂಗಳ ಧೂಳಿನಲ್ಲಿ ಆಸ್ಬೆಸ್ಟಾಸ್ ಇರಬಹುದು. ಅದನ್ನು ಊದದೆ, ಒದ್ದೆ ಮಾಡಿ ಒರೆಸಿ ತೆಗೆದೆ.

ಕೊನೆಗೆ ಕೊಳವೆಯೊಳಗಿನ ಗಾಳಿ ತೆಗೆಯಲು ಇಬ್ಬರು ಬೇಕು. ಶ್ರೀಮತಿ ಪೆಡಲಿನ ಬಳಿ, ನಾನು ಕಾರಿನ ಅಡಿಯಲ್ಲಿ.

"ಒತ್ತು."

"ಒತ್ತಿದೀನಿ ರೀ."

"ಬಿಡಬೇಡ... ಹಾಂ, ಈಗ ಬಿಡು."

ದೂರದ ಬಲ ಹಿಂಚಕ್ರದಿಂದ ಆರಂಭಿಸಿ ಒಂದೊಂದಾಗಿ ನಾಲ್ಕನ್ನೂ ಮುಗಿಸಿದೆವು. ಬಾಟಲಿಯಲ್ಲಿ ಗುಳ್ಳೆ ನಿಂತಾಗ ಮೇಲಿನಿಂದ ಪ್ರಶ್ನೆ ಬಂತು: "ಲ್ಯಾಬಿನಲ್ಲಿ ಬಾಟಲಿ ಮುಚ್ಚಳ ಹಾಕಲಿಲ್ಲ, ತೇವ ಸೇರುತ್ತೆ ಅಂತ ಹುಡುಗರನ್ನ ಬೈತೀರಲ್ಲ, ಇದು ನಿಮಗೆ ಗೊತ್ತಿರಲಿಲ್ವಾ?"

ಗೊತ್ತಿತ್ತು. ಅದೇ ನಾಚಿಕೆಯ ವಿಷಯ. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂಬ ಗಾದೆಗೆ ಡಾಕ್ಟರೇಟ್ ಪಡೆದವನೂ ಹೊರತಲ್ಲ.

ಆದ್ದರಿಂದ ಸದಸ್ಯ ಬಂಧುಗಳೇ, ನಿಮ್ಮ ಕಾರು ಹಳೆಯದಿರಲಿ ಹೊಸದಿರಲಿ, ಬ್ರೇಕ್ ದ್ರವ ಬದಲಿಸಿ ಎಷ್ಟು ದಿನವಾಯಿತೆಂದು ಒಮ್ಮೆ ವಿಚಾರಿಸಿ. ನೆಲದ ಮೇಲೆ ಕಲೆ ಕಂಡರೆ ಬಗ್ಗಿ ನೋಡಿ. ನಮ್ಮ ಬ್ರೇಕು ಈಗ ಗಟ್ಟಿಯಾಗಿದೆ. ಆದರೂ ಇಳಿಜಾರು ಬಂದಾಗಲೆಲ್ಲ ಶ್ರೀಮತಿಯ ಬಲಗಾಲು ತನ್ನ ಕಡೆ ಇಲ್ಲದ ಪೆಡಲನ್ನು ಒತ್ತುತ್ತದೆ. ಆ ನಂಬಿಕೆಯನ್ನು ಮತ್ತೆ ಜೋಡಿಸಲು ಮೂರು ವಾರಾಂತ್ಯ ಸಾಲದು.